ಬಿಸಿಲಿನ ಕತ್ತಲು: ಫಿಲ್ಮ್ ನ್ವಾರ್ ನೋಡುಗರಿಗೆ ಕನ್ನಡದ ಓದು

ಫಿಲ್ಮ್ ನ್ವಾರ್, ಅಂದರೆ ಕಪ್ಪು ಚಿತ್ರ, ಎಂಬ ಹೆಸರನ್ನು ಅಮೆರಿಕದ ಚಿತ್ರಗಳಿಗೆ ಕೊಟ್ಟವರು ಅಮೆರಿಕದವರಲ್ಲ. ಯುದ್ಧಕಾಲದಲ್ಲಿ ಫ್ರಾನ್ಸಿಗೆ ಬರಲಾಗದೆ ಉಳಿದಿದ್ದ ಚಿತ್ರಗಳು 1946ರಲ್ಲಿ ಒಟ್ಟಾಗಿ ಪ್ಯಾರಿಸ್ಸಿನ ತೆರೆಗೆ ಬಂದಾಗ, ವಿಮರ್ಶಕ ನೀನೋ ಫ್ರಾಂಕ್ ಅವುಗಳನ್ನು ಹೀಗೆ ಕರೆದನು. ಅದಕ್ಕೆ ಒಂದು ವರ್ಷ ಮೊದಲೇ, 1945ರಲ್ಲಿ, ಗಲಿಮಾರ್ ಪ್ರಕಾಶನವು 'ಸೆರೀ ನ್ವಾರ್' ಎಂಬ ಅಪರಾಧ ಕಾದಂಬರಿಗಳ ಮಾಲೆಯನ್ನು ಆರಂಭಿಸಿತ್ತು. ಈ ಚಿತ್ರಗಳ ಹಿಂದೆಯೂ ಪುಸ್ತಕಗಳೇ ಇದ್ದವು. ಡ್ಯಾಶಿಯಲ್ ಹ್ಯಾಮೆಟ್‌ನ 'ದ ಮಾಲ್ಟೀಸ್ ಫಾಲ್ಕನ್' (1930), ಜೇಮ್ಸ್ ಎಂ. ಕೇನ್‌ನ 'ದ ಪೋಸ್ಟ್‌ಮನ್ ಆಲ್ವೇಸ್ ರಿಂಗ್ಸ್ ಟ್ವೈಸ್' (1934), ರೇಮಂಡ್ ಚಾಂಡ್ಲರ್‌ನ 'ದ ಬಿಗ್ ಸ್ಲೀಪ್' (1939) ಇವೆಲ್ಲ ಮೊದಲು ಓದಿಗೆ ಸಿಕ್ಕಿ ಅನಂತರ ತೆರೆಗೆ ಬಂದವು. ಆದುದರಿಂದ ಈ ಚಿತ್ರಗಳ ನೋಡುಗನು ಏನನ್ನು ಓದಬೇಕು ಎಂಬ ಪ್ರಶ್ನೆ ಹೊರಗಿನಿಂದ ಹೇರಿದ್ದಲ್ಲ.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಕೇಳಿದರೆ ಸಿಗುವ ಸಿದ್ಧ ಉತ್ತರ 'ಪತ್ತೇದಾರಿ ಕಾದಂಬರಿ' ಎಂಬುದು. 'ಕವಲುದಾರಿ' (2019) ನೋಡಿ ತರಗತಿಗೆ ಬರುವ ವಿದ್ಯಾರ್ಥಿಗೆ ನಾವು ಎನ್. ನರಸಿಂಹಯ್ಯನವರ ಹೆಸರನ್ನು ಹೇಳಿ ಕಳುಹಿಸುತ್ತೇವೆ. ಅಥವಾ, ಅದು ಪಠ್ಯದ ಘನತೆಗೆ ತಕ್ಕುದಲ್ಲವೆಂದು ಮೌನವಾಗಿರುತ್ತೇವೆ. ಈ ಎರಡೂ ಸರಿಯಲ್ಲ ಎಂಬುದು ಪ್ರಸ್ತುತ ಲೇಖನದ ನಿಲುವು.

ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಓದುವ ಅಭ್ಯಾಸವೇ ಇಲ್ಲದ ಮನೆಗಳಿಗೂ ಪುಸ್ತಕವನ್ನು ತಲುಪಿಸಿದ ನರಸಿಂಹಯ್ಯನವರ ಸಾಧನೆಯನ್ನು ಅಲ್ಲಗಳೆಯುವವರು ಕನ್ನಡದ ಓದಿನ ಚರಿತ್ರೆಯನ್ನೇ ಅಲ್ಲಗಳೆದಂತೆ. ಆದರೆ ಪತ್ತೇದಾರ ಪುರುಷೋತ್ತಮನ ಲೋಕದಲ್ಲಿ ಅಪರಾಧವು ಒಂದು ಒಗಟು. ಒಗಟು ಬಿಡಿಸಿದೊಡನೆ ಲೋಕವು ಮೊದಲಿನ ನೆಮ್ಮದಿಗೆ ಮರಳುತ್ತದೆ. ನ್ವಾರ್‌ನಲ್ಲಿ ಹಾಗಲ್ಲ. ಬಿಲ್ಲಿ ವೈಲ್ಡರ್‌ನ 'ಡಬಲ್ ಇಂಡೆಮ್ನಿಟಿ' (1944) ಚಿತ್ರದಲ್ಲಿ ಕೊಲೆಗಾರನು ಆರಂಭದಲ್ಲಿಯೇ ತನ್ನ ಕೃತ್ಯವನ್ನು ಒಪ್ಪಿಕೊಳ್ಳುತ್ತಾನೆ. ಕೊಂದವರು ಯಾರು ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಸಭ್ಯನೊಬ್ಬನು ಹೆಜ್ಜೆ ಹೆಜ್ಜೆಯಾಗಿ ಹೇಗೆ ಇಳಿದನು ಎಂಬುದು ಪ್ರಶ್ನೆ. ಕಥನವು ಪತ್ತೆ ಹಚ್ಚುವವನ ಬಳಿಯಲ್ಲಿ ನಿಲ್ಲದೆ ಬಲೆಗೆ ಬಿದ್ದವರ ಬಳಿಯಲ್ಲಿ ನಿಲ್ಲುತ್ತದೆ. ಈ ಅಳತೆಗೋಲನ್ನು ಹಿಡಿದು ಹುಡುಕಿದರೆ ಕನ್ನಡದ ನ್ವಾರ್ ಪತ್ತೇದಾರಿ ಕಪಾಟಿನಲ್ಲಿ ಸಿಗುವುದಿಲ್ಲ. ಸಾಮಾಜಿಕ ಕಾದಂಬರಿಯ ಕಪಾಟಿನಲ್ಲಿ ಸಿಗುತ್ತದೆ.

ಆ ಕಪಾಟಿನಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದವರು ತ.ರಾ. ಸುಬ್ಬರಾಯರು (1920–1984). ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯ ಮೇಲಿನ ತಳುಕು ಅವರ ಮನೆತನದ ಊರು. ಅದೇ ತಾಲ್ಲೂಕಿನ ಇನ್ನೊಂದು ಹೋಬಳಿ, ವೇದಾವತಿ ಆಂಧ್ರವನ್ನು ಹೊಗುವ ಅಂಚಿನ ಪರಶುರಾಂಪುರ. ಮಳೆ ಕಡಿಮೆಯ, ಕಡಲೆಕಾಯಿ ಬೆಳೆಯುವ ಈ ಬಯಲು ಸೀಮೆಯಲ್ಲಿ ಹಾಲಿವುಡ್ ನ್ವಾರ್‌ನ ಸಾಮಗ್ರಿಗಳು ಯಾವುವೂ ಇಲ್ಲ. ತೊಯ್ದ ಡಾಮರು ರಸ್ತೆಯಿಲ್ಲ, ದೀಪಗಂಬದ ಕೆಳಗಿನ ಮಂಜಿಲ್ಲ. ಇಲ್ಲಿರುವುದು ಬಟ್ಟಂಬಯಲಿನ ಬಿಸಿಲು. ಇಂಥ ಸೀಮೆಯ ಲೇಖಕನು ಬರೆದ ಕತ್ತಲೂ ಬಿಸಿಲಿನ ಕತ್ತಲೇ: ಅಪರಾಧವು ಗಲ್ಲಿಯಲ್ಲಿ ನಡೆಯದೆ, ಎಲ್ಲರ ಎದುರಿಗೆ, ಹಿರಿಯರ ಆಶೀರ್ವಾದದೊಡನೆ ನಡೆಯುತ್ತದೆ.

ತ.ರಾ.ಸು. ಅವರನ್ನು ಕುರಿತ ಚರ್ಚೆ ಹೆಚ್ಚಾಗಿ ದುರ್ಗದ ಐತಿಹಾಸಿಕ ಕಾದಂಬರಿಗಳ ಸುತ್ತ ನಡೆದಿದೆ. 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಮರಣೋತ್ತರವಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಈ ಒಲವನ್ನು ಗಟ್ಟಿಗೊಳಿಸಿತು. (ಮದಕರಿನಾಯಕನ ಪತನವನ್ನು ಶೀರ್ಷಿಕೆಯಲ್ಲೇ ಸಾರಿ, ಕೊನೆ ಬಲ್ಲ ಓದುಗನನ್ನು ಕೊನೆಯವರೆಗೂ ನಡೆಸುವ ಆ ಕೃತಿಯ ವಿನ್ಯಾಸವೂ ನ್ವಾರ್‌ಗೆ ದೂರವಾದುದಲ್ಲ; ಅದು ಬೇರೆಯೇ ಲೇಖನದ ವಸ್ತು.) ಅವರ ಸಾಮಾಜಿಕ ಕಾದಂಬರಿಗಳನ್ನು ಮಾತ್ರ ಚಲನಚಿತ್ರಗಳ ಕಚ್ಚಾವಸ್ತುವೆಂಬಂತೆ ನೋಡಲಾಗಿದೆ.

'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ನಿರ್ದೇಶಿಸಿದ 'ನಾಗರಹಾವು' ಚಿತ್ರವನ್ನು ಸಾಮಾನ್ಯವಾಗಿ ಗುರುಶಿಷ್ಯ ವಾತ್ಸಲ್ಯದ ಕಥೆಯೆಂದು ನೆನೆಯುತ್ತೇವೆ. ಕಥೆಯ ಎಲುಬನ್ನು ಮಾತ್ರ ಎಣಿಸಿ ನೋಡಿದರೆ ಬೇರೆಯದೇ ಕಾಣುತ್ತದೆ. ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಅವಳಿಗೆ ಜಾತಿಯೊಳಗಿನ, ಮರ್ಯಾದೆಯ ಮದುವೆಯಾಗುತ್ತದೆ. ಮುಂದೆ ರಾಮಾಚಾರಿ ಅವಳನ್ನು ಕಾಣುವುದು ಹೋಟೆಲಿನ ಕೋಣೆಯಲ್ಲಿ, ಮೈ ಮಾರಿಕೊಳ್ಳುವ ಹೆಣ್ಣಾಗಿ. ಇಲ್ಲಿ ಅಪರಾಧಿ ಯಾರು? ಮಾರಿದವನು ಗಂಡ. ಆದರೆ ಆ ಮದುವೆಯ ದಾರಿಯನ್ನು ತೆರವು ಮಾಡಿಕೊಟ್ಟದ್ದು ಮೇಷ್ಟ್ರ ಒಳ್ಳೆಯತನ. ನ್ವಾರ್‌ನ ನಾಯಕನನ್ನು ಕೆಡಿಸುವುದು ಹಣದಾಸೆ ಅಥವಾ ಕಾಮ. ರಾಮಾಚಾರಿಯನ್ನು ಕೆಡಿಸುವುದು ಗುರುಭಕ್ತಿ. ಬಲೆಯನ್ನು ನೇಯ್ದವನು ಪ್ರೀತಿಸುವವನೇ ಆದುದರಿಂದ ಅದನ್ನು ಹರಿಯುವ ಬಗೆಯೇ ನಾಯಕನಿಗೆ ತಿಳಿಯುವುದಿಲ್ಲ. ಕೊನೆಯಲ್ಲಿ ದುರ್ಗದ ಬಂಡೆಗಳ ನಡುವೆ ಗುರುವೂ ಶಿಷ್ಯನೂ ಮಾರ್ಗರೆಟ್ಟಳೂ ಇಲ್ಲವಾಗುವುದು ಹಾಡಹಗಲಿನ ಬೆಳಕಿನಲ್ಲಿ, ಬಣ್ಣದ ತೆರೆಯ ಮೇಲೆ. ಚಿತ್ರವು ತ.ರಾ.ಸು. ಅವರಿಗೆ ಹಿಡಿಸಲಿಲ್ಲವೆಂಬುದು ಪ್ರಸಿದ್ಧವಾದ ಸಂಗತಿ. ಹಾಗಿರುವಾಗ ಚಿತ್ರವನ್ನು ಮೆಚ್ಚಿದವರು ಕಾದಂಬರಿಗಳಿಗೆ ಮರಳಿ ಹೋಗಿ ಹೋಲಿಸುವುದು ಅಗತ್ಯವೇ ಆಗುತ್ತದೆ.

ಎರಡನೆಯದಾಗಿ 'ಆಕಸ್ಮಿಕ', 'ಅಪರಾಧಿ', 'ಪರಿಣಾಮ'. ಈ ಮೂರು ಶೀರ್ಷಿಕೆಗಳನ್ನು ಒಂದರ ಪಕ್ಕಕ್ಕೆ ಒಂದನ್ನಿಟ್ಟರೆ ನ್ವಾರ್‌ನ ವ್ಯಾಕರಣವೇ ಸಿದ್ಧವಾಗುತ್ತದೆ: ಒಂದು ಆಕಸ್ಮಿಕ ಭೇಟಿ, ಅದರಿಂದ ಹುಟ್ಟುವ ಅಪರಾಧ, ತಪ್ಪಿಸಿಕೊಳ್ಳಲಾಗದ ಪರಿಣಾಮ. ಇವುಗಳನ್ನು ಆಧರಿಸಿ ಟಿ.ಎಸ್. ನಾಗಾಭರಣ ಅವರು ರಾಜಕುಮಾರ್ ನಾಯಕರಾಗಿರುವ 'ಆಕಸ್ಮಿಕ' (1993) ಚಿತ್ರವನ್ನು ಮಾಡಿದರು. ಹೆಣ್ಣುಗಳ ಮಾರಾಟಜಾಲವನ್ನು ಕುರಿತ ಈ ಚಿತ್ರವು ಇಂದು ಹಂಸಲೇಖರ ನಾಡಾಭಿಮಾನದ ಹಾಡಿನಿಂದಲೇ ನೆನಪಿನಲ್ಲಿ ಉಳಿದಿರುವುದು ವಿಚಿತ್ರ. ನಾಯಕನು ಪೊಲೀಸ್ ಅಧಿಕಾರಿಯಾಗಿ ಜಾಲವನ್ನು ಭೇದಿಸುವ ಉತ್ತರಾರ್ಧದಲ್ಲಿ ಚಿತ್ರವು ಪತ್ತೇದಾರಿಯ ನೆಮ್ಮದಿಗೆ ಮರಳುತ್ತದೆ. ತಾರಾಮೌಲ್ಯದ ಒತ್ತಾಯ ಅದು. ಪೂರ್ವಾರ್ಧದ ಮಾಧವಿಯ ಪಾತ್ರದ ಕಥನವೇ ನಮ್ಮ ಓದಿಗೆ ಮುಖ್ಯವಾದುದು. ಪುಟ್ಟಣ್ಣನವರ ಕಡೆಯ ಚಿತ್ರ 'ಮಸಣದ ಹೂವು' (1985) ಕೂಡ ತ.ರಾ.ಸು. ಕಾದಂಬರಿಯದೇ, ಅದರ ನೆಲೆಯೂ ವೇಶ್ಯಾವಾಟಿಕೆ.

ಈ ಮೂರನ್ನೂ ಕೂಡಿಸಿ ನೋಡಿದಾಗ ಒಂದು ತಿರುವು ಸ್ಪಷ್ಟವಾಗುತ್ತದೆ. ಹಾಲಿವುಡ್ ನ್ವಾರ್‌ನಲ್ಲಿ ಹೆಣ್ಣು ಮೋಹಿನಿ. ಗಂಡು ತನ್ನ ಕೈಯನ್ನು ತಾನೇ ತಲೆಯ ಮೇಲಿಟ್ಟುಕೊಂಡು ಸುಡುವ ಭಸ್ಮಾಸುರ. ಅಂದರೆ ಅಲ್ಲಿ ಹೆಣ್ಣೇ ಬಲೆ. ತ.ರಾ.ಸು. ಅವರಲ್ಲಿ ಹೆಣ್ಣು ಬಲೆಗೆ ಬಿದ್ದವಳು, ಬಲೆ ಮದುವೆ. ಇದನ್ನು ಕನ್ನಡದ ಹೆಚ್ಚುಗಾರಿಕೆಯೆಂದು ಹೊಗಳಿ ಮುಗಿಸುವಂತಿಲ್ಲ. ಅಮೆರಿಕದ ಮೋಹಿನಿಗೆ ಕೇಡಿನದಾದರೂ ಒಂದು ಇಚ್ಛೆಯಿದೆ, ಲೆಕ್ಕಾಚಾರವಿದೆ. ಅಲಮೇಲುವಿಗೆ ದುಃಖವಿದೆ, ಇಚ್ಛೆಯಿಲ್ಲ. ಅ.ನ.ಕೃ. ಅವರ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಕಾದಂಬರಿಗಳು ಇದೇ ವಸ್ತುವನ್ನು ಎತ್ತಿಕೊಂಡಾಗ ವಾಗ್ವಾದವು ಅಶ್ಲೀಲತೆಯ ಸುತ್ತಲೇ ತಿರುಗಿತು. ಮಾರಾಟಕ್ಕೊಳಗಾದ ಹೆಣ್ಣಿನ ಬಾಯಿಂದಲೇ ಕಥೆ ಏಕೆ ಹೊರಡುವುದಿಲ್ಲ ಎಂಬುದು ಆಗ ಪ್ರಶ್ನೆಯಾಗಲಿಲ್ಲ. ಇಂದಿನ ಸಂಶೋಧಕರು ಎತ್ತಿಕೊಳ್ಳಬೇಕಾದದ್ದು ಈ ಪ್ರಶ್ನೆಯನ್ನು.

ಅಪರಾಧವಿಲ್ಲದೆಯೂ ನ್ವಾರ್ ಸಾಧ್ಯ ಎಂಬುದಕ್ಕೆ ಯಶವಂತ ಚಿತ್ತಾಲರ 'ಶಿಕಾರಿ' (1979) ಸಾಕ್ಷಿ. ಈ ಪಟ್ಟಿಯಲ್ಲಿ ಒಂದೇ ಪುಸ್ತಕವನ್ನು ಓದುವುದಾದರೆ ಅದು ಇದೇ. ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪ, ಬಡ್ತಿ ಪ್ರವಾಸಗಳ ಹೊಸ್ತಿಲಲ್ಲಿ ದಿಢೀರನೆ ಅಮಾನತುಗೊಳ್ಳುತ್ತಾನೆ. ತನ್ನ ಮೇಲಿನ ಆರೋಪವೇನು, ಬೆನ್ನಟ್ಟುತ್ತಿರುವವರು ಯಾರು, ಯಾವ ಗೆಳೆಯನ ನಗೆಯ ಹಿಂದೆ ಏನಿದೆ ಎಂಬುದನ್ನು ಅವನು ತಾನೇ ಪತ್ತೆ ಹಚ್ಚಬೇಕು. ಪತ್ತೇದಾರನೂ ಅವನೇ, ಬೇಟೆಯೂ ಅವನೇ. ಹುಡುಕಾಟವು ಹೊರಗಿನಿಂದ ಒಳಕ್ಕೆ, ಬಾಲ್ಯದ ಮುಚ್ಚಿಟ್ಟ ನೆನಪುಗಳಿಗೆ ಇಳಿಯುತ್ತದೆ. ಚಾಂಡ್ಲರ್‌ನ ಮಾರ್ಲೋ ಎಷ್ಟೇ ಕೊಳಕಿನಲ್ಲಿ ನಡೆದರೂ ತನ್ನ ಬಗ್ಗೆ ಅವನಿಗೆ ಅನುಮಾನವಿಲ್ಲ. ನಾಗಪ್ಪನಿಗೆ ಆ ಭಾಗ್ಯವಿಲ್ಲ. ಸಂಶಯವು ಒಂದು ಹಂತದಲ್ಲಿ ಕಾದಂಬರಿಯ ವಾಕ್ಯರಚನೆಗೇ ತಗಲಿ, ಓದುಗನು ನಾಗಪ್ಪನ ಭಯವನ್ನು ನಂಬಬೇಕೋ ಬೇಡವೋ ಎಂಬ ತೊಳಲಾಟಕ್ಕೆ ಬೀಳುತ್ತಾನೆ. ನವ್ಯದ ಅಸ್ತಿತ್ವವಾದಿ ಪರಿಭಾಷೆಯಲ್ಲಿ ಮಾತ್ರ 'ಶಿಕಾರಿ'ಯನ್ನು ಬೋಧಿಸುತ್ತ ಬಂದ ನಾವು ಅದರ ಈ ರೋಚಕತೆಯನ್ನು ಹೇಳಲು ಸಂಕೋಚಪಟ್ಟಿದ್ದೇವೆ.

ತೇಜಸ್ವಿಯವರ 'ಚಿದಂಬರ ರಹಸ್ಯ' (1985), 'ಜುಗಾರಿ ಕ್ರಾಸ್' (1994) ಎರಡನ್ನೂ ಓದಲೇಬೇಕು, ಆದರೆ ಅವು ನ್ವಾರ್‌ನ ಗಡಿಯಲ್ಲಿ ನಿಲ್ಲುತ್ತವೆ. ಅವರ ವಿನೋದ ಕತ್ತಲನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ. ಕೆಸರೂರು ಹೊತ್ತಿ ಉರಿದರೂ ಬೆಟ್ಟದ ಮೇಲೆ ರಫಿ, ಜಯಂತಿಯರು ಉಳಿಯುತ್ತಾರೆ.

ಭೂಗತ ಲೋಕದ ಬರಹಗಳನ್ನು ಎಚ್ಚರದಿಂದ ಸೂಚಿಸಬೇಕಾಗುತ್ತದೆ. ಚಳ್ಳಕೆರೆ ತಾಲ್ಲೂಕಿನದೇ ಬೆಳಗೆರೆಯ ಮನೆತನದ ರವಿ ಬೆಳಗೆರೆ (1958–2020) ಅವರ 'ಭೀಮಾ ತೀರದ ಹಂತಕರು', ಅಗ್ನಿ ಶ್ರೀಧರ್ ಅವರ 'ದಾದಾಗಿರಿಯ ದಿನಗಳು' ಅಪರಾಧಕ್ಕೆ ಹತ್ತಿರದಿಂದ ಕಿವಿಗೊಟ್ಟ ಗದ್ಯಗಳು. ಎರಡನೆಯದು 'ಆ ದಿನಗಳು' (2007) ಚಿತ್ರಕ್ಕೆ ಮೂಲವಾಯಿತು. ಅವುಗಳ ಭಾಷೆಯ ಬಿಗಿಯನ್ನು ವಿದ್ಯಾರ್ಥಿಗಳು ಗಮನಿಸಲಿ. ಆದರೆ ಕೊಂದವನ ಬದುಕು ರೋಚಕವಾಗುವಲ್ಲಿ ಸತ್ತವನ ಮನೆ ಕಾಣದಂತಾಗುವ ಅಪಾಯ ಈ ಪ್ರಕಾರಕ್ಕೇ ಅಂಟಿಕೊಂಡಿದೆ.

ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ನೀಳ್ಗತೆಯನ್ನು ಕೇನ್‌ನ ಕಾದಂಬರಿಯೊಂದಿಗೆ ಜೋಡಿಯಾಗಿ ಪಾಠ ಮಾಡಬಹುದು. ಎರಡರಲ್ಲೂ ನಿರೂಪಕನು ಉತ್ತಮ ಪುರುಷದಲ್ಲಿ, ಮೆಲುದನಿಯಲ್ಲಿ ಮಾತನಾಡುತ್ತಾನೆ. ಕೇನ್‌ನ ನಿರೂಪಕನು ಕೊಂದದ್ದನ್ನು ಹೇಳುತ್ತಾನೆ. ಶಾನಭಾಗರ ನಿರೂಪಕನು ಬೆಂಗಳೂರಿನ ಕಾಫಿ ಹೌಸಿನಲ್ಲಿ ಕುಳಿತು ಚಿಕ್ಕಪ್ಪನ ದುಡಿಮೆ, ಅಮ್ಮನ ಅಡುಗೆ, ಮನೆಯ ಇರುವೆಗಳ ಕಾಟವನ್ನು ಹೇಳುತ್ತಾನೆ. ಹೆಂಡತಿ ಇನ್ನೂ ಊರಿನಿಂದ ಮರಳಿಲ್ಲ ಎಂಬುದನ್ನು ಮಾತ್ರ ಹೇಳಿಯೂ ಹೇಳದಂತೆ ದಾಟುತ್ತಾನೆ. ಮನೆಯ ಹಿರಿಯರಲ್ಲಿ ಯಾರೊಬ್ಬರೂ ಕೆಟ್ಟವರಾಗಿ ಕಾಣುವುದಿಲ್ಲ. ಚಾಮಯ್ಯ ಮೇಷ್ಟ್ರ ಒಳ್ಳೆಯತನದಿಂದ ಈ ಊಟದ ಮೇಜಿನವರೆಗೆ ಒಂದು ಎಳೆಯನ್ನು ಹಿಡಿದು ಬರುವ ವಿದ್ಯಾರ್ಥಿಗೆ, ಇಲ್ಲಿ ನಡೆದ ಅಪರಾಧ ಯಾವುದು, ಅದು ಯಾವ ಪುಟದಲ್ಲಿ ನಡೆಯಿತು ಎಂದು ಕೇಳಬಹುದು.