ಭಾರತ ರತ್ನ: ಅರಳಿ ಎಲೆಯ ಪದಕ

ಭಾರತ ರತ್ನ ಎಂಬ ಹೆಸರು ಕೇಳದವರು ನಮ್ಮ ಶಾಲೆಯಲ್ಲಿ ಯಾರೂ ಇಲ್ಲ. ನಮ್ಮ ದೇಶದ ಅತಿ ದೊಡ್ಡ ಪ್ರಶಸ್ತಿ ಯಾವುದು ಎಂದರೆ ಮೂರನೇ ಕ್ಲಾಸಿನವರೂ ಕೈ ಎತ್ತುತ್ತಾರೆ. ಆದರೆ ಆ ಪದಕ ನೋಡೋಕೆ ಹೇಗಿದೆ ಅಂತ ನಾನು ನಮ್ಮ ಕ್ಲಾಸಿನಲ್ಲಿ ಕೇಳಿದಾಗ ಎಲ್ಲರೂ 'ಚಿನ್ನದ್ದು, ದುಂಡಗಿರುತ್ತೆ' ಅಂದರು. ಈಗ ಕೊಡುವ ಪದಕ ದುಂಡಗೂ ಇಲ್ಲ, ಚಿನ್ನದ್ದೂ ಅಲ್ಲ. ಅದು ಕಂಚಿನಲ್ಲಿ ಮಾಡಿದ ಒಂದು ಅರಳಿ ಎಲೆ.

ಹಾಗಂತ ನನ್ನ ಗೆಳತಿಯರು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. 1954ರ ಜನವರಿ 2ರಂದು ಭಾರತ ರತ್ನವನ್ನು ಸ್ಥಾಪಿಸಿದಾಗ ಪದಕ ಹೀಗಿರಬೇಕು ಎಂದು ಬರೆದದ್ದು ದುಂಡಗಿನ ಚಿನ್ನದ ಪದಕವನ್ನೇ. ಅದರ ಅಡ್ಡಗಲ 35 ಮಿಲಿಮೀಟರ್, ನಡುವೆ ಸೂರ್ಯ, ಮೇಲೆ ಭಾರತ ರತ್ನ ಎಂಬ ಅಕ್ಷರ, ಕೆಳಗೆ ಹೂವಿನ ಹಾರ. ಒಂದೇ ವರ್ಷಕ್ಕೆ, 1955ರಲ್ಲಿ, ಈ ನಮೂನೆಯನ್ನು ಬಿಟ್ಟು ಅರಳಿ ಎಲೆ ಮಾಡಿದರು. ನನಗೆ ಎಲೆಯೇ ಚೆನ್ನಾಗಿ ಕಾಣುತ್ತದೆ. ದುಂಡಗಿನ ಪದಕವನ್ನು ಓಟದ ಸ್ಪರ್ಧೆಯಲ್ಲೂ ಕೊಡ್ತಾರೆ.

ಎಲೆಯ ಅಳತೆಯನ್ನು ನಿಯಮದಲ್ಲಿ ಇಂಚಿನ ಲೆಕ್ಕದಲ್ಲಿ ಬರೆದಿದ್ದಾರೆ. ಸೆಂಟಿಮೀಟರಿಗೆ ತಿರುಗಿಸಿದರೆ ಉದ್ದ 5.9, ಅಗಲವಾದ ಜಾಗದಲ್ಲಿ 4.8. ದಪ್ಪ 3 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ನಮ್ಮೂರ ಅರಳಿಕಟ್ಟೆಯಿಂದ ಐದು ಎಲೆ ತಂದು ಸ್ಕೇಲಿನಲ್ಲಿ ಅಳೆದು ನೋಡಿದೆ. ದೊಡ್ಡ ಎಲೆ ತೊಟ್ಟು ಬಿಟ್ಟು 14 ಸೆಂಟಿಮೀಟರ್ ಇತ್ತು, ಚಿಕ್ಕದು 9. ಅಂದರೆ ಪದಕದ ಎಲೆ ಇನ್ನೂ ಬೆಳೆಯುತ್ತಿರುವ ಎಳೆ ಎಲೆಯಷ್ಟು. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದು.

ಎಲೆಯ ಮುಂಭಾಗದಲ್ಲಿ ಕಿರಣ ಬಿಡುತ್ತಿರುವ ಸೂರ್ಯ. ಅದರ ಕೆಳಗೆ ದೇವನಾಗರಿ ಲಿಪಿಯಲ್ಲಿ ಭಾರತ ರತ್ನ ಎಂದು ಉಬ್ಬು ಅಕ್ಷರ. ತಿರುಗಿಸಿದರೆ ಹಿಂಭಾಗದಲ್ಲಿ ನಮ್ಮ ಸಿಂಹದ ರಾಷ್ಟ್ರ ಲಾಂಛನ ಮತ್ತು ಸತ್ಯಮೇವ ಜಯತೇ. ಸೂರ್ಯ, ಲಾಂಛನ, ಎಲೆಯ ಅಂಚು ಈ ಮೂರೂ ಪ್ಲಾಟಿನಂ. ಅಕ್ಷರಗಳು ಹೊಳಪು ಕೊಟ್ಟ ಕಂಚು. ಕುತ್ತಿಗೆಗೆ ಹಾಕಲು 2 ಇಂಚು ಅಗಲದ ಬಿಳಿ ರಿಬ್ಬನ್. ಇದನ್ನು ತಯಾರಿಸುವುದು ಕೋಲ್ಕತ್ತದ ಅಲಿಪುರ ಟಂಕಸಾಲೆಯಲ್ಲಿ.

ದುಡ್ಡು ಎಷ್ಟು ಕೊಡ್ತಾರೆ ಎಂದು ನನ್ನ ತಮ್ಮ ಕೇಳಿದ. ಒಂದು ರೂಪಾಯಿಯೂ ಇಲ್ಲ. ಈ ಪದಕ ಮತ್ತು ರಾಷ್ಟ್ರಪತಿಗಳ ಸಹಿ ಇರುವ ಸನದು, ಅಷ್ಟೇ. ಸರ್ಕಾರಿ ಸಮಾರಂಭಗಳಲ್ಲಿ ಯಾರು ಮೊದಲು, ಯಾರು ನಂತರ ಎಂಬ ಪಟ್ಟಿ ಒಂದಿದೆ. ಅದರಲ್ಲಿ ಭಾರತ ರತ್ನ ಪಡೆದವರು 7ಎ ಸ್ಥಾನ, ಅಂದರೆ ಕೇಂದ್ರದ ಸಂಪುಟ ಮಂತ್ರಿಗಳ ನಂತರ. ಯಾರಿಗೆ ಕೊಡಬೇಕು ಎಂದು ಪ್ರಧಾನಮಂತ್ರಿಗಳು ರಾಷ್ಟ್ರಪತಿಗಳಿಗೆ ಶಿಫಾರಸು ಮಾಡುತ್ತಾರೆ. ವರ್ಷಕ್ಕೆ ಮೂರೇ ಜನ ಎಂದು ನಿಯಮ. ಆದರೆ 1999ರಲ್ಲಿ ನಾಲ್ಕು, 2024ರಲ್ಲಿ ಐದು ಜನಕ್ಕೆ ಕೊಟ್ಟರು. ಮೊದಲು ಕಲೆ, ಸಾಹಿತ್ಯ, ವಿಜ್ಞಾನ, ಸಾರ್ವಜನಿಕ ಸೇವೆ ಇಷ್ಟಕ್ಕೇ ಇತ್ತು. 2011ರಲ್ಲಿ ಯಾವ ಕ್ಷೇತ್ರವಾದರೂ ಸರಿ ಎಂದು ಬದಲಾಯಿಸಿದರು. ಅದಾದ ಮೇಲೆಯೇ ಸಚಿನ್ ತೆಂಡೂಲ್ಕರ್ ಅವರಿಗೆ 2014ರಲ್ಲಿ ಸಿಕ್ಕಿದ್ದು. ಆಗ ಅವರಿಗೆ 40 ವರ್ಷ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಪಡೆದವರು ಬೇರೆ ಇಲ್ಲ. ಧೋಂಡೋ ಕೇಶವ ಕರ್ವೆ ಅವರಿಗೆ 1958ರಲ್ಲಿ ಕೊಟ್ಟಾಗ ಭರ್ತಿ 100 ವರ್ಷ! ಅವರು ಹೆಣ್ಣುಮಕ್ಕಳ ಓದಿಗೆ ದುಡಿದವರು.

ಮೊದಲ ವರ್ಷ ಪಡೆದವರು ಮೂವರು. ರಾಜಗೋಪಾಲಾಚಾರಿ, ರಾಧಾಕೃಷ್ಣನ್, ಸಿ.ವಿ. ರಾಮನ್. ಇವರಲ್ಲಿ ರಾಧಾಕೃಷ್ಣನ್ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಮಾಡಿದವರು. ರಾಮನ್ ಅವರು 1933ರಲ್ಲಿ ಬೆಂಗಳೂರಿಗೆ ಬಂದು ಕೊನೆಯವರೆಗೂ ಅಲ್ಲೇ ಇದ್ದರು. ಮರುವರ್ಷ 1955ರಲ್ಲಿ ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಗದಗ ಸೀಮೆಯಲ್ಲಿ ಹುಟ್ಟಿದ ಹಾಡುಗಾರ ಭೀಮಸೇನ ಜೋಶಿ ಅವರಿಗೆ 2008ರಲ್ಲಿ ಘೋಷಣೆಯಾಯಿತು. ಬೆಂಗಳೂರಿನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರು ತೆಂಡೂಲ್ಕರ್ ಜೊತೆಗೇ ಪಡೆದರು. 2024ರ ವರೆಗೆ ಒಟ್ಟು 53 ಜನ. ಅದರಲ್ಲಿ ಹೆಂಗಸರು ಎಷ್ಟು ಎಂದು ಬೆರಳು ಮಡಿಚಿ ಎಣಿಸಿದೆ. ಇಂದಿರಾ ಗಾಂಧಿ, ಮದರ್ ತೆರೇಸಾ, ಅರುಣಾ ಅಸಫ್ ಅಲಿ, ಎಂ.ಎಸ್. ಸುಬ್ಬುಲಕ್ಷ್ಮಿ, ಲತಾ ಮಂಗೇಶ್ಕರ್. ಒಂದು ಕೈಯ ಬೆರಳೇ ಸಾಕಾಯಿತು.

ಈ ಪ್ರಶಸ್ತಿ ಎರಡು ಸಲ ನಿಂತುಹೋಗಿತ್ತು. 1977ರಲ್ಲಿ ಮೊರಾರ್ಜಿ ದೇಸಾಯಿ ಅವರ ಸರ್ಕಾರ ಇದನ್ನೂ ಪದ್ಮ ಪ್ರಶಸ್ತಿಗಳನ್ನೂ ನಿಲ್ಲಿಸಿತು. 1980ರಲ್ಲಿ ಮತ್ತೆ ಶುರುವಾಯಿತು. ತಮಾಷೆ ಎಂದರೆ 1991ರಲ್ಲಿ ಮೊರಾರ್ಜಿ ಅವರಿಗೇ ಭಾರತ ರತ್ನ ಬಂತು! ಎರಡನೇ ಸಲ 1992ರಲ್ಲಿ ಕೋರ್ಟಿಗೆ ಹೋಯಿತು. ಸಂವಿಧಾನದ 18ನೇ ವಿಧಿ ಸರ್ಕಾರ ಯಾರಿಗೂ ಬಿರುದು ಕೊಡಬಾರದು ಎನ್ನುತ್ತದೆ, ಹಾಗಿದ್ದ ಮೇಲೆ ಇದನ್ನು ಕೊಡೋದು ಹೇಗೆ ಎಂದು ಕೇಸು. ಸುಪ್ರೀಂ ಕೋರ್ಟ್ 1995ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಇದು ಬಿರುದು ಅಲ್ಲ, ಗೌರವ, ಕೊಡಬಹುದು. ಆದರೆ ಹೆಸರಿನ ಹಿಂದಾಗಲಿ ಮುಂದಾಗಲಿ ಸೇರಿಸಿಕೊಳ್ಳುವಂತಿಲ್ಲ. 1997ರಿಂದ ಮತ್ತೆ ಕೊಡಲು ಆರಂಭಿಸಿದರು.

ಹಾಗಾದರೆ ವಿಶ್ವೇಶ್ವರಯ್ಯನವರಿಗೆ 'ಸರ್' ಅಂತ ಯಾಕೆ ಅಂತೀವಿ? ಅದು 1915ರಲ್ಲಿ ಬ್ರಿಟಿಷರು ಕೊಟ್ಟದ್ದು. ಆ ಕಾಲದಲ್ಲಿ ಸರ್, ರಾವ್ ಬಹಾದ್ದೂರ್, ದಿವಾನ್ ಬಹಾದ್ದೂರ್ ಎಂದು ಬಗೆಬಗೆ ಬಿರುದುಗಳಿದ್ದವು. ಸ್ವಾತಂತ್ರ್ಯ ಬಂದ ಮೇಲೆ ಅಂಥವು ಬೇಡವೆಂದೇ 18ನೇ ವಿಧಿ ಬರೆದದ್ದು. ಓದಿ ಪಡೆದ 'ಡಾ.' ಮತ್ತು ಸೈನ್ಯದ ಪದವಿಗಳಿಗೆ ಮಾತ್ರ ಅಡ್ಡಿಯಿಲ್ಲ.

ಕೊಟ್ಟ ಮೇಲೆ ಹೆಸರಿನ ಜೊತೆ ಹಾಕಿಕೊಂಡರೆ ಏನು ತಪ್ಪು ಎಂದು ನಮ್ಮ ಕ್ಲಾಸಿನ ಹುಡುಗರು ವಾದ ಮಾಡಿದರು. ನಾನು ಸಂವಿಧಾನದ ಪುಸ್ತಕ ತೆಗೆದು 18ನೇ ವಿಧಿಯ ಪಕ್ಕದಲ್ಲಿ ಏನಿದೆ ನೋಡಿದೆ. 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧ ಮಾಡುವುದು. ಎರಡೂ ಒಂದರ ಪಕ್ಕ ಒಂದು ಯಾಕೆ ಇವೆ ಎಂದು ನನಗೆ ಮನೆಯಲ್ಲಿ ಗೊತ್ತಾಯಿತು. ಅರಳಿ ಎಲೆ ಎಲ್ಲಿಂದ ತಂದೆ ಅಂತ ಅಜ್ಜಿ ಕೇಳಿದಳು. ಕಟ್ಟೆ ಹತ್ತಿ ಕಿತ್ತುಕೊಂಡು ಬಂದೆ ಅಂದೆ. ಅಜ್ಜಿ ಚಿಕ್ಕವಳಿದ್ದಾಗ ನಮ್ಮ ಕೇರಿಯವರು ಆ ಕಟ್ಟೆ ಹತ್ತುವಂತಿರಲಿಲ್ಲವಂತೆ. ಮೇಲೆ ಕೂರುವವರು ಯಾರು, ಕೆಳಗೆ ನಿಲ್ಲುವವರು ಯಾರು ಅನ್ನೋದು ಹೆಸರು ಹೇಳಿದ ಕೂಡಲೇ ತೀರ್ಮಾನ ಆಗ್ತಿತ್ತಂತೆ. ಹೆಸರಿಗೆ ಇನ್ನೊಂದು ಬಾಲ ಅಂಟಿಸಿದರೆ ಏನಾಗುತ್ತದೆ ಎಂದು ಸಂವಿಧಾನ ಬರೆದವರಿಗೆ ಗೊತ್ತಿತ್ತು.

ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಅಂಬೇಡ್ಕರ್ ಅವರಿಗೆ ಭಾರತ ರತ್ನ ಕೊಟ್ಟದ್ದು 1990ರಲ್ಲಿ, ಅವರು ತೀರಿಕೊಂಡು 34 ವರ್ಷಗಳ ನಂತರ. ನಮ್ಮ ಆಫೀಸ್ ರೂಮಿನ ಫೋಟೋ ಕೆಳಗೆ 'ಭಾರತ ರತ್ನ ಡಾ. ಬಿ.ಆರ್. ಅಂಬೇಡ್ಕರ್' ಎಂದು ಅಚ್ಚಾಗಿದೆ. ಅಂಗಡಿಯಿಂದ ಬರುವಾಗಲೇ ಹಾಗಿತ್ತು. ಅವರ ಸಂವಿಧಾನದ ಪ್ರಕಾರ 'ಡಾ.' ಇರಬಹುದು, 'ಭಾರತ ರತ್ನ' ಇರುವಂತಿಲ್ಲ. ಇದನ್ನು ಅಜ್ಜಿಗೆ ಹೇಳಿದೆ. ಅಜ್ಜಿಗೆ ಸಿಟ್ಟು ಬಂತು. 'ಅಷ್ಟು ವರ್ಷ ಕಾಯಿಸಿ ಕೊಟ್ಟವ್ರೆ, ನೀನ್ಯಾರೇ ತೆಗೆಯೋಕೆ?' ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಸಮಾಜ ಮೇಷ್ಟ್ರು ಒಂದು ದಾರಿ ಹೇಳಿಕೊಟ್ಟರು. ಹೆಸರಿನ ಹಿಂದೆ ಹಾಕದೆ, ಕೆಳಗೆ ಬೇರೆ ಸಾಲಿನಲ್ಲಿ 'ಭಾರತ ರತ್ನ ಪುರಸ್ಕೃತರು, 1990' ಎಂದು ಬರೆಯಬಹುದು, ಅದಕ್ಕೆ ಅಡ್ಡಿಯಿಲ್ಲ. ಅಜ್ಜಿ, 'ಅಕ್ಷರ ದಪ್ಪಗಿರಬೇಕು' ಎಂದು ಹೇಳಿ ಒಪ್ಪಿದ್ದಾಳೆ. ಹೆಡ್‌ಮಾಸ್ಟರ್ ಸಾರ್ ನೋಡೋಣ ಅಂದಿದ್ದಾರೆ. ಗಾಂಧೀಜಿಯವರ ಫೋಟೋ ಕೆಳಗೆ ಏನೂ ಬದಲಾಯಿಸಬೇಕಾಗಿಲ್ಲ, ಅವರಿಗೆ ಭಾರತ ರತ್ನ ಕೊಟ್ಟೇ ಇಲ್ಲ. ಕೊಡಿಸಿ ಎಂದು 2020ರಲ್ಲಿ ಒಬ್ಬರು ಕೇಳಿದಾಗ ಸುಪ್ರೀಂ ಕೋರ್ಟ್, ಅವರು ಅದಕ್ಕಿಂತ ದೊಡ್ಡವರು ಎಂದಿತು.

ಪದ್ಮ ಪ್ರಶಸ್ತಿಗಳ ಬಗ್ಗೆ ಬರೆಯಲು ಈ ಹಾಳೆಯಲ್ಲಿ ಜಾಗ ಸಾಲದು. ಅವೂ 1954ರಲ್ಲೇ ಹುಟ್ಟಿದವು. ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ತಮ್ಮ ಪದ್ಮಭೂಷಣವನ್ನು ವಾಪಸು ಕೊಟ್ಟರು. ಮಂಗಳೂರಿನಲ್ಲಿ ಕಿತ್ತಳೆ ಹಣ್ಣು ಮಾರುತ್ತಾ ತಮ್ಮೂರಿಗೆ ಶಾಲೆ ತಂದ ಹರೇಕಳ ಹಾಜಬ್ಬ ಅವರು 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀ ಪಡೆದರು. ಅವರ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.

ಪಕ್ಕದಲ್ಲಿರುವ ಚಿತ್ರ ನಾನು ಬರೆದದ್ದು. ಹಿಂದೆ ನಿಂತವರಿಗೂ ಕಾಣಲಿ ಎಂದು ಎರಡು ಪಟ್ಟು ದೊಡ್ಡದು ಮಾಡಿದ್ದೇನೆ. ನೀವು ನಿಜವಾದ ಅಳತೆಯಲ್ಲಿ ಬರೆಯುವುದಾದರೆ ಕೈವಾರದಲ್ಲಿ 8 ಮಿಲಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ, ಅದು ಸೂರ್ಯ. ಅದೇ ಕೇಂದ್ರದಿಂದ 13 ಮಿಲಿಮೀಟರಿಗೆ ಇನ್ನೊಂದು ವೃತ್ತವನ್ನು ತೆಳ್ಳಗೆ ಎಳೆಯಿರಿ. ಎರಡರ ನಡುವೆ ಕಿರಣಗಳು ಬರಬೇಕು. ಆಮೇಲೆ ಹೊರಗಿನ ವೃತ್ತವನ್ನು ರಬ್ಬರಿನಿಂದ ಅಳಿಸಿ. ಕಂಚಿನ ಬಣ್ಣ ನಮ್ಮ ಡಬ್ಬಿಯಲ್ಲಿ ಇರಲಿಲ್ಲ, ಕಂದು ಬಣ್ಣಕ್ಕೆ ಸ್ವಲ್ಪ ಹಳದಿ ಸೇರಿಸಿದೆ. ರಿಬ್ಬನ್ ಬಿಳಿ, ಹಾಳೆಯೂ ಬಿಳಿ, ಆದ್ದರಿಂದ ಅಂಚಿಗೆ ಮಾತ್ರ ಪೆನ್ಸಿಲ್ ಗೆರೆ ಹಾಕಿದ್ದೇನೆ. ದಯವಿಟ್ಟು ಯಾರೂ ಅದಕ್ಕೆ ಬಣ್ಣ ತುಂಬಬೇಡಿ.

— 7ನೇ ತರಗತಿಯ ವಿದ್ಯಾರ್ಥಿನಿ