ಉಸುಕಿಗೆ ಹಾಕುವ ರೊಕ್ಕ

ಡ್ರಿಪ್ ಹಾಕಿಸಲು ಸಹಾಯಧನ ಉಂಟು, ಹಾಕಿಸಿದ್ದನ್ನು ಬಾಳಿಸಿಕೊಳ್ಳಲು ಇಲ್ಲ. ಹೀಗಾಗಿ ನಮ್ಮ ಕಡೆ ಪಂಪ್ ಶೆಡ್ಡಿನ ಪಕ್ಕ ನಿಂತ ಸ್ಯಾಂಡ್ ಫಿಲ್ಟರುಗಳು ಬಂದ ದಿನ ಹಚ್ಚಿಸಿಕೊಂಡ ಕುಂಕುಮದ ಹೊರತು ಬೇರೆ ಆರೈಕೆ ಕಂಡಿರುವುದು ಕಡಿಮೆ. ನನ್ನ ಖರ್ಚಿನ ವಹಿಯಲ್ಲಿ ಬೀಜ, ಗೊಬ್ಬರ, ಆಳುಗಳ ಕೆಳಗೆ ‘ಫಿಲ್ಟರ್’ ಎಂದೇ ಒಂದು ಸಾಲು ಇದೆ. ನೋಡಿದವರು ನಗುತ್ತಾರೆ.

2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ಎಫ್‌ಆರ್‌ಪಿ, ಶೇ 10.25 ಸಕ್ಕರೆ ಇಳುವರಿಗೆ, ಕ್ವಿಂಟಲಿಗೆ 355 ರೂಪಾಯಿ. ಟನ್ನಿಗೆ 3,550. ಕಡಿಯುವ, ಸಾಗಿಸುವ ಖರ್ಚು ಅದರಲ್ಲೇ ಹೋಗಬೇಕು. ನನ್ನ ಫಿಲ್ಟರಿನ ವರ್ಷದ ಖರ್ಚು ಎರಡು ಟನ್ ಕಬ್ಬಿನ ಬೆಲೆ ಮುಟ್ಟುವುದಿಲ್ಲ. ಡ್ರಿಪ್ಪರ್ ಕಟ್ಟಿದ ಸಾಲಿನಲ್ಲಿ ಹೋಗುವ ತೂಕ ಅದಕ್ಕಿಂತ ಹೆಚ್ಚು. ಕಬ್ಬು ಆಳೆತ್ತರ ಬೆಳೆದ ಮೇಲೆ ಒಳಗೆ ಹೊಕ್ಕು ಲ್ಯಾಟರಲ್ ನೋಡುವವರು ಯಾರು? ಕಡಿಯುವ ಗ್ಯಾಂಗು ಹೊಲದ ತುದಿ ಮುಟ್ಟಿದಾಗಲೇ ಅಲ್ಲಿಯ ಜಲ್ಲೆ ಸಣಕಲಾದದ್ದು ಕಾಣುವುದು.

ಜಮಖಂಡಿ, ರಬಕವಿ-ಬನಹಟ್ಟಿಯವರಿಗೆ ಕೃಷ್ಣಾ, ಮುಧೋಳದವರಿಗೆ ಘಟಪ್ರಭಾ, ಬೀಳಗಿಯವರಿಗೆ ಆಲಮಟ್ಟಿ ಹಿನ್ನೀರು. ಹೊಳೆ ಯಾವುದಾದರೂ ಕಾಟ ಎರಡು ಬಗೆ. ಮಳೆಗಾಲದಲ್ಲಿ ರಾಡಿ, ಬೇಸಿಗೆಯಲ್ಲಿ, ಹಿಪ್ಪರಗಿ, ಚಿಕ್ಕಪಡಸಲಗಿ ಬ್ಯಾರೇಜುಗಳ ಹಿಂದೆ ನೀರು ನಿಂತಾಗ, ಪಾಚಿ. (ಚಿಕ್ಕಪಡಸಲಗಿಯದನ್ನು 1989ರಲ್ಲಿ ರೈತರೇ ವಂತಿಗೆ ಕೂಡಿಸಿ ಕಟ್ಟಿದರು. ಅಷ್ಟು ದೊಡ್ಡದನ್ನು ಕಟ್ಟಿದ ಸೀಮೆಯವರಿಗೆ ಒಂದು ಡಬ್ಬಿ ತೊಳೆಯಲು ಬೇಸರ!) ಪಾಚಿ, ಕಸವನ್ನು ಉಸುಕು ಚೆನ್ನಾಗಿ ಹಿಡಿಯುತ್ತದೆ. ನುಣ್ಣನೆಯ ಎರೆಮಣ್ಣು ಮಾತ್ರ ಉಸುಕನ್ನು ದಾಟಿ ಲ್ಯಾಟರಲ್ ತುದಿಯಲ್ಲಿ ಹೋಗಿ ಕೂಡುತ್ತದೆ. ಈಜುಕೊಳದಲ್ಲೂ ಇದೇ ನಮೂನೆಯ ಫಿಲ್ಟರ್ ಇರುತ್ತದೆ. ಅಲ್ಲಿ ಅದೇ ನೀರು ಸುತ್ತಿ ಸುತ್ತಿ ಬರುವುದರಿಂದ ಬಗ್ಗಡ ನಿಧಾನವಾಗಿ ತಿಳಿಯಾಗುತ್ತದೆ. ನಮ್ಮ ನೀರು ಉಸುಕಿನೊಳಗೆ ಹಾಯುವುದು ಒಂದೇ ಸಲ. ಆದ್ದರಿಂದ ಹೊಳೆ ಕೆಂಪೇರಿದ ದಿನಗಳಲ್ಲಿ ನಾನು ಮೋಟಾರು ಹಚ್ಚುವುದೇ ಇಲ್ಲ. ಮಳೆ ಹಿಡಿದಾಗ ಕಬ್ಬಿಗೂ ನೀರಿನ ಅವಸರವಿಲ್ಲ.

ಖರ್ಚು ಉಳಿಸುವ ಸಾಮಾನೆಂದರೆ ಫಿಲ್ಟರಿನ ಆಚೆ ಈಚೆ ಇರುವ ಎರಡು ಗೇಜು. ತೊಳೆದ ಉಸುಕಿನಲ್ಲಿ ಎರಡರ ನಡುವಿನ ಅಂತರ ಸಣ್ಣದು. ಅದು ಅರ್ಧ ಕೆಜಿ ಒತ್ತಡದ ಹತ್ತಿರ ಬಂದರೆ ಬ್ಯಾಕ್‌ವಾಶ್ ಮಾಡಬೇಕು. ವಾಲ್ವ್ ತಿರುವಿದೊಡನೆ ಮೊದಲು ಬರುವುದು ಹಸಿರು-ಕಪ್ಪು ನೀರು, ಪಾಚಿಯ ನಾತ, ಆಮೇಲೆ ಮಬ್ಬು, ಆಮೇಲೆ ತಿಳಿ. ತಿಳಿಯಾಗುವವರೆಗೆ ಬಿಡಬೇಕು. ಹೊರಬೀಳುವ ನೀರಿಗೆ ಪಂಚೆಯ ಚುಂಗು ಹಿಡಿಯುತ್ತೇನೆ: ಬಟ್ಟೆಯಲ್ಲಿ ಉಸುಕು ಉಳಿದರೆ ಒತ್ತಡ ಹೆಚ್ಚಾಗಿದೆ, ವಾಲ್ವ್ ಸ್ವಲ್ಪ ಮುಚ್ಚಬೇಕು. ಇಲ್ಲದಿದ್ದರೆ ರೊಕ್ಕ ಕೊಟ್ಟು ತಂದದ್ದು ಕಾಲುವೆ ಪಾಲು.

ತೊಳೆಯದೆ ಬಿಟ್ಟರೆ ಉಸುಕು ಗಡ್ಡೆಕಟ್ಟಿ, ನೀರು ಅದರ ನಡುವೆ ತನ್ನದೇ ದಾರಿ ಕೊರೆದುಕೊಂಡು ಸೋಸದೆ ಹೋಗುತ್ತದೆ. ಹೀಗಾಗಿ ಹಂಗಾಮಿಗೊಮ್ಮೆ ಮುಚ್ಚಳ ತೆಗೆದು ಕೈಯಾಡಿಸಿ, ಗಡ್ಡೆ ಸಿಕ್ಕರೆ ಒಡೆಯುತ್ತೇನೆ. ಪಕ್ಕದ ಹೊಲದ ಕಾಕಾ, ‘ಹೊಳಿ ದಂಡ್ಯಾಗ ಪುಕ್ಕಟ ಉಸುಕು ಬಿದ್ದೈತಿ, ನೀ ಯಾಕ ಚೀಲ ಕೊಂಡು ತರ್ತೀಯೋ ತಮ್ಮಾ?’ ಅಂದರು. ಹೊಳೆ ಉಸುಕು ಉರುಳಿ ಉರುಳಿ ದುಂಡಗಾಗಿರುತ್ತದೆ, ಹರಳು ಒಂದೊಂದು ಅಳತೆ. ಕಸ ಹಿಡಿಯಲು ಮೂಲೆ ಚೂಪಾದ, ಒಂದೇ ಅಳತೆಯ ಒಡೆದ ಕಲ್ಲಿನ ಉಸುಕು ಬೇಕು. ಅದೂ ವರ್ಷಗಳ ಮೇಲೆ ಸವೆಯುತ್ತದೆ, ಬದಲಿಸಲೇಬೇಕು. ಇಲ್ಲಿ ಜುಗ್ಗತನ ಮಾಡಿದವರು ಲ್ಯಾಟರಲ್‌ಗೆ ರೊಕ್ಕ ಸುರಿಯುತ್ತಾರೆ.

ನಾನು ಕೊಳ್ಳದೆ ಬಿಟ್ಟ ಸಾಮಾನೂ ಇದೆ: ‘ಎಲ್ಲ ಬ್ಲಾಕೇಜಿಗೂ ಒಂದೇ’ ಎಂದು ಮಾರುವ ದ್ರಾವಣದ ಕ್ಯಾನು. ಏನು ಕಟ್ಟಿದೆಯೆಂದು ತಿಳಿಯದೆ ಔಷಧ ಹಾಕುವುದು ಹೇಗೆ? ಪಾಚಿಗೆ ಕ್ಲೋರಿನ್, ಸುಣ್ಣದಂಥ ಬಿಳಿ ಪೊರೆಗೆ ಆಸಿಡ್, ಎರೆಮಣ್ಣಿಗೆ ಬರೀ ಲ್ಯಾಟರಲ್ ತುದಿ ಬಿಚ್ಚಿ ನೀರು ಬಿಡುವುದು. ಕ್ಲೋರಿನ್ನೂ ಆಸಿಡ್ಡೂ ಎಂದೂ ಕೂಡಬಾರದು, ವಿಷಗಾಳಿ ಏಳುತ್ತದೆ. ಗೊಬ್ಬರ ಸೇರಿಸುವ ವೆಂಚುರಿ ಸ್ಯಾಂಡ್ ಫಿಲ್ಟರಿನ ನಂತರ, ಡಿಸ್ಕ್ ಫಿಲ್ಟರಿಗಿಂತ ಮೊದಲು ಇರಲಿ. ಅದಕ್ಕೆ ಹೊಸ ಖರ್ಚೇನೂ ಇಲ್ಲ, ಕೂಡಿಸುವ ದಿನವೇ ಪ್ಲಂಬರಿಗೆ ಹೇಳಿದರಾಯಿತು.