ಎದುರಿನವನ ಅರ್ಥವನ್ನೂ ಹೇಳಿ ನೋಡಿ

ಭೈರುಂಬೆಯ ಮಕ್ಕಳೇ, ಪೌರಪ್ರಜ್ಞೆ, ಪರಸ್ಪರ ಗೌರವ ಎಂಬ ವಿಷಯ ಕೊಟ್ಟು ಶಾಲೆಯಲ್ಲಿ ನಿಮ್ಮಿಂದ ಚರ್ಚೆ ಮಾಡಿಸುತ್ತಾರೆ, ಪುಟ್ಟ ನಾಟಕ ಕಟ್ಟಿಸುತ್ತಾರೆ. ವಿಷಯದ ಹೆಸರು ಕೇಳಿದ ಕೂಡಲೇ ನಿಮ್ಮ ಮುಖ ಸಪ್ಪಗಾಗುವುದೂ ನನಗೆ ಗೊತ್ತು. ಕಸ ಎಸೆಯಬಾರದು, ಸರದಿಯಲ್ಲಿ ನಿಲ್ಲಬೇಕು, ಹಿರಿಯರಿಗೆ ಮರ್ಯಾದೆ ಕೊಡಬೇಕು. ಉತ್ತರ ಮೊದಲೇ ಗೊತ್ತಿದ್ದಮೇಲೆ ಚರ್ಚೆಗೇನು ರುಚಿ? ರುಚಿ ಬೇಕಿದ್ದರೆ ದೂರ ಹೋಗಬೇಡಿ. ನಿಮ್ಮೂರಿನ ದೇವಸ್ಥಾನದ ಪೌಳಿಯಲ್ಲೋ ಯಾರದೋ ಮನೆಯ ಜಗಲಿಯಲ್ಲೋ ಮಳೆಗಾಲದ ರಾತ್ರಿ ನಡೆಯುವ ತಾಳಮದ್ದಲೆಗೆ ಹೋಗಿ ಕುಳಿತುಕೊಳ್ಳಿ.

ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ್ಯವಷ್ಟೇ ಮೊದಲೇ ಬರೆದಿಟ್ಟದ್ದು. ಅರ್ಥ ಎನ್ನುವ ಮಾತು ಆ ಹೊತ್ತಿಗೇ ಹುಟ್ಟಬೇಕು. ವಾಲಿವಧೆ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನನಗೂ ನಿನಗೂ ಏನು ಹಗೆ? ಮರೆಯಲ್ಲಿ ನಿಂತು ಹೊಡೆಯುವುದು ಯಾವ ಕ್ಷತ್ರಿಯರ ಧರ್ಮ? ನನ್ನನ್ನೇ ಕೇಳಿದ್ದರೆ ಸೀತೆಯನ್ನು ತಂದುಕೊಡುತ್ತಿರಲಿಲ್ಲವೇ? ರಾಮ ಉತ್ತರಿಸಲೇಬೇಕು. ದೇವರು ಎಂದು ರಿಯಾಯಿತಿಯಿಲ್ಲ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಶಿಕ್ಷೆ ಕೊಡುವುದು ರಾಜಧರ್ಮ ಎಂದು ರಾಮ ಹೇಳಿದರೆ, ವಾಲಿ ಅದಕ್ಕೂ ಮಾತು ತೆಗೆಯುತ್ತಾನೆ. ಕೇಳುವವರು ರಾಮಭಕ್ತರೇ. ಆದರೂ ವಾಲಿಯ ಪ್ರಶ್ನೆ ಮೊನಚಾದಾಗ ಅವರೂ ತಲೆದೂಗುತ್ತಾರೆ.

ಇಲ್ಲಿ ನೀವು ಗಮನಿಸಬೇಕಾದದ್ದು ಒಂದಿದೆ. ಇಂದು ವಾಲಿಯ ಅರ್ಥ ಹೇಳಿದವರೇ ಮುಂದಿನ ಕೂಟದಲ್ಲಿ ರಾಮನ ಅರ್ಥ ಹೇಳಬೇಕಾಗಿ ಬರಬಹುದು. ಹಾಗಾಗಿ ಎರಡೂ ಬದಿಯ ನ್ಯಾಯ ಅವರ ತಲೆಯಲ್ಲಿರಬೇಕು. ಇದಿರು ಅರ್ಥಧಾರಿಯ ಮಾತು ಮುಗಿಯುವ ತನಕ ಕಾಯಬೇಕು. ಏನು ಹೇಳಿದ ಎಂದು ಕಿವಿಗೊಟ್ಟು ಕೇಳದಿದ್ದರೆ ತನ್ನ ಉತ್ತರವೇ ಎಡವುತ್ತದೆ. ಮಾತು ಹಳಿ ತಪ್ಪಿದರೆ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ. ಎಂಥ ದೊಡ್ಡ ಅರ್ಥಧಾರಿಯೂ ಸುಮ್ಮನಾಗಬೇಕು. ಜಿದ್ದಿಗೆ ಬಿದ್ದು ವೈಯಕ್ತಿಕವಾಗಿ ಚುಚ್ಚಿ, ಪ್ರಸಂಗ ಕೆಡಿಸುವವರೂ ಇಲ್ಲದಿಲ್ಲ. ಅಂಥ ಕೂಟದಿಂದ ಬರುವವರು ಕತೆ ಮರೆತು ಜಗಳ ಮಾತ್ರ ನೆನಪಿಟ್ಟುಕೊಂಡು ಬರುತ್ತಾರೆ. ಟೀವಿಯ ಚರ್ಚೆ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ನಿಮ್ಮ ಚರ್ಚೆಗೆ ನನ್ನದೊಂದು ಸಲಹೆ. ಪರ, ವಿರೋಧ ಎಂದು ಎರಡು ಬದಿ ಮಾಡಿಕೊಳ್ಳಿ. ಅರ್ಧ ಹೊತ್ತು ಕಳೆದಮೇಲೆ ಬದಿ ಬದಲಿಸಿ. ವಿಷಯವೂ ನಿಜವಾದದ್ದಾಗಿರಲಿ. ಕಾಡುಹಂದಿ, ಮಂಗ ತೋಟ ಹಾಳುಮಾಡಿದರೆ ಏನು ಮಾಡಬೇಕು? ಹಬ್ಬದ ರಾತ್ರಿ ಧ್ವನಿವರ್ಧಕ ಎಷ್ಟು ಹೊತ್ತಿನ ತನಕ? ತೋಟದ ಯಜಮಾನನ ಮಗ ಅಡಿಕೆ ಕೊಯ್ಯುವ ಕೊನೆಗೌಡನ ಪರ ಮಾತಾಡಲಿ, ಕೂಲಿಯವರ ಮನೆಯ ಹುಡುಗಿ ಯಜಮಾನನ ಲೆಕ್ಕ ಒಪ್ಪಿಸಲಿ. ಎದುರಿನವನ ಅರ್ಥವನ್ನು ಅವನಿಗೂ ಒಪ್ಪಿಗೆಯಾಗುವಂತೆ ಹೇಳಲು ಬಂದರೆ ಗೌರವದ ಅರ್ಧ ಪಾಠ ಅಲ್ಲಿಗೇ ಆಯಿತು.

ನಾಟಕದ ಮಾತು ಬೇರೆ. ಅದರ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ಶಾಲೆಯ ಕಿರುನಾಟಕಗಳಲ್ಲಿ ಕುಡುಕ ಯಾವಾಗಲೂ ಕೂಲಿಯವನೇ ಏಕೆ? ಅವನ ಆಡುಮಾತನ್ನು ಅಣಕಿಸಿಯೇ ಏಕೆ ನಗಿಸಬೇಕು? ಒಂದು ಮನೆಯ ಮಾತು ಮರ್ಯಾದೆಯ ಮಾತು, ಇನ್ನೊಂದು ಮನೆಯದು ನಗೆಯ ಮಾತು ಎಂದಾದರೆ, ಸಭೆಯಲ್ಲಿ ಹಿಂದೆ ಕೂತ ಆ ಮನೆಯ ಮಗು ಏನು ಕಲಿತು ಹೋಗುತ್ತದೆ? ನಾಟಕದ ಹೆಸರು ಗೌರವ ಎಂದಿದ್ದರೂ ನಡೆದದ್ದು ಅವಮಾನ.

ಬೇರೆ ದಾರಿಯನ್ನು ನಮ್ಮವರೇ ತೋರಿಸಿದ್ದಾರೆ. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿ, ರಾವಣರಿಗೆ ಮಾತು ಕೊಟ್ಟು ಹೆಸರಾದವರು. ಅವರೇ ಬಪ್ಪನಾಡು ಪ್ರಸಂಗದಲ್ಲಿ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯಾದಾಗ ಜನ ಆ ಪಾತ್ರವನ್ನು ಮನಸ್ಸಿಗೆ ಹಚ್ಚಿಕೊಂಡರು. ನಗೆಪಾತ್ರವಾಗಿಬಿಡಬಹುದಾಗಿದ್ದ ಬ್ಯಾರಿ ಗಂಭೀರ ಮನುಷ್ಯನಾದ. ಇನ್ನೂ ಹತ್ತಿರದ್ದು ಬೇಕೇ? ಯಲ್ಲಾಪುರ ತಾಲೂಕಿನ ಮಂಚೀಕೇರಿಗೆ ಹೋಗಿ. ಅಲ್ಲಿನ ಸಿದ್ದಿ ಸಮುದಾಯದವರೊಂದಿಗೆ ಚಿದಂಬರರಾವ್ ಜಂಬೆ 1980ರ ದಶಕದಲ್ಲಿ ನಾಟಕ ಕಟ್ಟಿದರು. ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿ ಅದಕ್ಕೆ ಆಧಾರ. ಆಫ್ರಿಕಾದಿಂದ ತಲೆಮಾರುಗಳ ಹಿಂದೆ ಬಂದ ಜನ, ಆಫ್ರಿಕಾದ್ದೇ ಕತೆಯನ್ನು ಕನ್ನಡದಲ್ಲಿ ಆಡಿದರು. ಬೇರೆಯವರು ಅವರ ಕುರಿತು ಆಡಿದ್ದಲ್ಲ, ಅವರೇ ರಂಗದ ನಡುವೆ ನಿಂತು ಆಡಿದ್ದು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ; ರಂಗ ಅವರಿಗೆ ಅದಕ್ಕಿಂತ ಮೊದಲೇ ಜಾಗ ಕೊಟ್ಟಿತ್ತು.

ಚರ್ಚೆ, ನಾಟಕಗಳಿಂದ ಏನಾದೀತು ಎನ್ನುವ ದೊಡ್ಡವರು ನಿಮಗೆ ಸಿಗುತ್ತಾರೆ. ಅವರಿಗೆ ಸಾಲ್ಕಣಿ ಎಂಬ ಊರಿನ ಕತೆ ಹೇಳಿ. 1983ರ ಸೆಪ್ಟೆಂಬರ್ 8ರಂದು ಅಲ್ಲಿನ ಯುವಕರು, ಹೆಂಗಸರು ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಕಡಿಯಲು ಬಂದವರೂ ಹೊಟ್ಟೆಪಾಡಿಗೆ ಬಂದ ಕೂಲಿಗಳೇ. ಅವರ ಮೇಲೆ ಕಲ್ಲೆಸೆಯಲಿಲ್ಲ. ಅವರೊಡನೆ ಮಾತಾಡಿದರು, ಕಾಡಿನ ದೇವರ ಹೆಸರಿನಲ್ಲಿ ಇನ್ನು ಕಡಿಯುವುದಿಲ್ಲ ಎಂದು ಆಣೆ ಪಡೆದರು. ಆಮೇಲೆ ಅಪ್ಪಿಕೋ ಚಳವಳಿ ಊರೂರಿಗೆ ಹಬ್ಬಿದ್ದು ಪಾದಯಾತ್ರೆ, ಬೀದಿನಾಟಕ, ಜನಪದ ಕುಣಿತಗಳ ಬೆನ್ನೇರಿಯೇ. ಮರ ಕಡಿಸುತ್ತಿದ್ದ ಸರ್ಕಾರದೊಡನೆ ಜಗಳವಿತ್ತು, ಆದರೆ ಆ ಜಗಳಕ್ಕೊಂದು ಸಭ್ಯತೆಯಿತ್ತು.

ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಸಂವಿಧಾನದ ಪೀಠಿಕೆ ಓದುತ್ತೀರಲ್ಲ, ವ್ಯಕ್ತಿಯ ಘನತೆ ಎಂಬುದು ಅದರಲ್ಲಿ ಭ್ರಾತೃತ್ವದ ಜೊತೆಗೇ ಬರುತ್ತದೆ. ಆ ಸಂವಿಧಾನವೂ ಸುಮಾರು ಮೂರು ವರ್ಷದ ವಾದ, ಪ್ರತಿವಾದದಲ್ಲೇ ರೂಪುಗೊಂಡು 1949ರ ನವೆಂಬರ್ 26ರಂದು ಅಂಗೀಕಾರವಾಯಿತು. ಒಪ್ಪದವರ ಮಾತನ್ನೂ ಸಂವಿಧಾನ ರಚನಾ ಸಭೆ ಬರೆದಿಟ್ಟುಕೊಂಡಿದೆ.

ಇಷ್ಟು ಕೇಳಿದಿರಿ, ಇನ್ನೊಂದನ್ನು ಮಾಡಿ. ನಮ್ಮ ರಾಜ್ಯದ ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಅದು ಹಾಡು, ಭಾಷಣ, ಬಿಸ್ಕಿಟ್ಟಿನಲ್ಲಿ ಮುಗಿದುಹೋಗಲು ಬಿಡಬೇಡಿ. ನಿಮ್ಮ ತರಗತಿಯ ಚರ್ಚೆಯಲ್ಲಿ ಎರಡೂ ಬದಿ ಹಾದು ಗಟ್ಟಿಯಾಗಿ ಉಳಿದ ಪ್ರಶ್ನೆ ಯಾವುದೋ, ಅದು ಶಾಲೆಯ ದಾರಿಯ ಕಾಲುಸಂಕವಿರಲಿ, ಹೆಣ್ಣುಮಕ್ಕಳ ಶೌಚಾಲಯದ ನೀರಿರಲಿ, ಬರೆದು ಅಲ್ಲಿ ಓದಿ. ಅಧ್ಯಕ್ಷರು ಉತ್ತರ ಕೊಡುವಾಗ ಪೂರ್ತಿ ಕೇಳಿ. ಆಮೇಲೆ ಎದ್ದು ನಿಂತು, ಯಾವಾಗ ಮಾಡುತ್ತೀರಿ ಎಂದು ಕೇಳಿ, ದಿನಾಂಕವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡೇ ಬನ್ನಿ.